ಎಂಟು ದಿನದಲ್ಲಿ ಬಂದ ನಲ್ಲಿ

ಮೂವತ್ತೈದು ವರ್ಷ ಮನೆಮನೆ ತಿರುಗಿ ನೀರಿನ ಮೀಟರು ಓದಿದವನಿಗೆ ಮೀಟರಪ್ಪ ಎಂದಲ್ಲದೆ ಇನ್ನೇನು ಹೆಸರು ಬರಬೇಕು? ಹೆತ್ತವರು ಇಟ್ಟ ಹೆಸರು ಪಿಂಚಣಿ ಕಾಗದದಲ್ಲಷ್ಟೇ ಉಳಿದಿತ್ತು. ಯಾವ ಮನೆಯ ಮೀಟರು ಮೆಟ್ಟಿಲ ಕೆಳಗಿದೆ, ಯಾವುದರ ಗಾಜಿಗೆ ಪಾಚಿ ಕಟ್ಟಿದೆ, ಯಾವ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚಿಯೂ ಬಿಡುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಮಂಡಿಯೂರಿ ಟಾರ್ಚು ಹಾಕಿ ಅಂಕಿ ಬರೆದುಕೊಳ್ಳುವುದು, ಮನೆಯವರ ಹತ್ತಿರ ಎರಡು ಮಾತಾಡುವುದು, ಮುಂದಿನ ಮನೆಗೆ ಹೋಗುವುದು. ಆ ಎರಡು ಮಾತು ಎಷ್ಟೋ ಮನೆಗಳಲ್ಲಿ ಇಪ್ಪತ್ತಾಗುತ್ತಿತ್ತು.

ನಿವೃತ್ತಿಗೆ ಮೂರು ವರ್ಷ ಇದ್ದಾಗ ಹೊಸ ಮೀಟರುಗಳು ಬಂದವು. ಅವು ತಮ್ಮ ಅಂಕಿಯನ್ನು ತಾವೇ ಕಚೇರಿಗೆ ಕಳಿಸಿಬಿಡುತ್ತಿದ್ದವು. ಮೀಟರಪ್ಪನನ್ನು ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಹಳೆಯ ಕಡತಗಳ ನಡುವೆ ಕೂರಿಸಿದರು. ಅಲ್ಲಿ ಕೂತೂ ಕೂತೂ ಅವನಿಗೊಂದು ಚಾಳಿ ಅಂಟಿಕೊಂಡಿತು. ಮಾತು ಯಾವುದೇ ಇರಲಿ, 'ನಮ್ಮ ಕಾಲದಲ್ಲಿ' ಎಂದೇ ಶುರು. ನಮ್ಮ ಕಾಲದಲ್ಲಿ ಮನುಷ್ಯರು ಮನುಷ್ಯರ ಮುಖ ನೋಡುತ್ತಿದ್ದರು, ನಮ್ಮ ಕಾಲದಲ್ಲಿ ನಿದ್ದೆ ಬರುತ್ತಿತ್ತು, ನಮ್ಮ ಕಾಲದಲ್ಲಿ ನೀರಿಗೂ ರುಚಿಯಿತ್ತು. ಕೊನೆಯದನ್ನು ಕೇಳಿದಾಗಲೆಲ್ಲ ಮಗಳು ನಕ್ಕುಬಿಡುತ್ತಿದ್ದಳು. ಅವಳು ಅದೇ ನೀರಿನ ಕಚೇರಿಯಲ್ಲಿ ಪರದೆಗಳ ಮುಂದೆ ಕೂತು ಯಾವ ಬೀದಿಗೆ ಎಷ್ಟು ಒತ್ತಡದಲ್ಲಿ ನೀರು ಹೋಗುತ್ತಿದೆ ಎಂದು ನೋಡುವ ಕೆಲಸದಲ್ಲಿದ್ದಳು. "ನೀರಲ್ಲಿ ಬೆರಳು ಅದ್ದದೇ ಇರೋ ನೀರಿನ ಕೆಲಸ," ಎಂದು ಮೀಟರಪ್ಪ ಅದಕ್ಕೂ ಒಂದು ಕೊಂಕು ತೆಗೆಯುತ್ತಿದ್ದ.

ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಅಪ್ಪನ ಕಾಲದ ಮೂರನೇ ಮಹಡಿಯ ಮನೆಯಲ್ಲಿ ಈಗ ಅವನು, ಮಗಳು, ಮತ್ತು ಅವನಿಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ. ಅಕ್ಕ ಮದುವೆಯಾಗಿರಲಿಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಸೋದರಸೊಸೆಯ ಕೈಯಿಂದ ಫೋನು ಬಳಸುವುದನ್ನು ಕಲಿತು, ಕಿಟಕಿಯ ಪಕ್ಕ ಕೂತು ಯಾರೊಂದಿಗೋ ಮಾತಾಡುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಿನಗೂ ಹಿಡೀತಾ ಈ ರೋಗ?" ಎಂದು ಒಮ್ಮೆ ತಮ್ಮ ಕೇಳಿದ್ದಕ್ಕೆ, "ಹಿಡೀತು. ಔಷಧಿ ಬೇಡ," ಎಂದಿದ್ದಳು.

ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಂದು ಭಾನುವಾರ ಬೆಳಗ್ಗೆ ಸಭೆ ಸೇರುತ್ತಿತ್ತು. ನಲವತ್ತು ಕುರ್ಚಿ, ಒಂದು ಮೈಕು, ಹಿಂದೆ ಪತ್ರಿಕೆಗಳ ಮೇಜು. ಆ ತಿಂಗಳ ವಿಷಯ, ಹೊಸ ಹೊಸ ಯಂತ್ರಗಳು ಬಂದ ಹಾಗೆ ಪ್ರತಿ ತಲೆಮಾರೂ ಹಿಂದಿನವರಿಗಿಂತ ಸುಖವಾಗಿದೆಯೇ ಎಂಬುದು. ಹೌದು ಎನ್ನಲು ಹಲ್ಲಿನ ಡಾಕ್ಟರಮ್ಮ ಒಬ್ಬರು ಒಪ್ಪಿದ್ದರು. ಇಲ್ಲ ಎನ್ನುವುದಕ್ಕೆ ಯಾರು ಎಂದು ಕಾರ್ಯದರ್ಶಿ ಹುಡುಕಲೇ ಇಲ್ಲ, ನೇರ ಮೀಟರಪ್ಪನ ಮನೆಯ ಮೆಟ್ಟಿಲು ಹತ್ತಿದರು. ಅವನೂ ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಂಡ. ಹದಿನೈದು ದಿನ ಕೂತು ಬರೆದ, ಕನ್ನಡಿ ಮುಂದೆ ನಿಂತು ಓದಿದ. ಭಾನುವಾರ ಹೊರಡುವಾಗ ಮಗಳು, "ಅತ್ತೇನೂ ಕರ್ಕೊಂಡು ಬರ್ತೀನಿ ಅಪ್ಪ, ನಿಮ್ಮ ಭಾಷಣ ಅವರು ಒಂದ್ಸಲಾನೂ ಕೇಳಿಲ್ಲ," ಎಂದಾಗ ಅವನಿಗೆ ಹಿಗ್ಗೇ ಆಯಿತು.

ಡಾಕ್ಟರಮ್ಮ ಚುಟುಕಾಗಿ ಮಾತಾಡಿದರು. ಮರಗಟ್ಟಿಸುವ ಸೂಜಿ ಇಲ್ಲದ ಕಾಲದಲ್ಲಿ ಹಲ್ಲು ಕೀಳಿಸಿಕೊಂಡವರು ಯಾರಾದರೂ ಇಲ್ಲಿದ್ದರೆ ಎದ್ದು ನಿಂತು ಆ ಕಾಲ ಬೇಕು ಎನ್ನಲಿ, ನಾನು ಸೋತೆ ಎಂದು ಒಪ್ಪುತ್ತೇನೆ ಎಂದರು. ಜನ ನಕ್ಕರು. ಆಮೇಲೆ ಮೀಟರಪ್ಪ ಎದ್ದ. ಅವನ ದನಿ ಚೆನ್ನಾಗಿತ್ತು, ಬೀದಿ ಬೀದಿಯಲ್ಲಿ ಬಾಗಿಲ ಹೊರಗಿನಿಂದ ಕೂಗಿ ಪಳಗಿದ ದನಿ. ಎರಡು ಕೋಣೆಯ ಮನೆ, ಒಂದೇ ದೀಪ, ಸಂಜೆ ಆರಾದರೆ ಎಲ್ಲರೂ ಸುತ್ತ ಕೂತು ಅಮ್ಮನ ಬಾಯಿಂದ ಕಥೆ ಕೇಳುವುದು. ಯಾರ ಕೈಯಲ್ಲೂ ಏನೂ ಇಲ್ಲ, ಎಲ್ಲರ ಕಣ್ಣೂ ಅಮ್ಮನ ಮುಖದ ಮೇಲೆ. "ನಾನು ನೀರಿನ ಕಚೇರಿಗೆ ಸೇರಿದ ಮೇಲೂ ನಮ್ಮ ಮನೆಗೆ ನಲ್ಲಿ ಇರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಂಬತ್ತು ವರ್ಷ ಸರದಿಯಲ್ಲಿ ನಿಂತೆವು, ಸರದಿ ಬಂದಾಗ ಬಂತು. ಆ ತಾಳ್ಮೆಯಲ್ಲಿ ಒಂದು ಸುಖವಿತ್ತು. ಗುಂಡಿ ಒತ್ತಿದರೆ ಎಲ್ಲ ಬರುವ ಈ ಕಾಲಕ್ಕೆ ಅದು ಅರ್ಥವಾಗುವುದಿಲ್ಲ," ಎಂದು ಮುಗಿಸಿದ. ಚಪ್ಪಾಳೆ ಬಿತ್ತು. ಡಾಕ್ಟರಮ್ಮನೂ ತಟ್ಟಿದರು.

ಮನೆಗೆ ನಡೆಯುತ್ತ ಅರ್ಧ ದಾರಿಯಲ್ಲಿ ಮೀಟರಪ್ಪನೇ ತಡೆಯಲಾರದೆ, "ಹೇಗಿತ್ತು?" ಎಂದ.

"ಚೆನ್ನಾಗಿ ಮಾತಾಡ್ತೀಯ. ನೀನು ಹೇಳಿದ್ಯಲ್ಲ, ಆ ಮನೆ ಯಾರದು?"

"ಯಾರದು ಅಂದ್ರೆ? ನಮ್ಮನೆ."

"ನಮ್ಮದಾ?" ಅಕ್ಕನ ದನಿಯಲ್ಲಿ ಕುಹಕ ಇರಲಿಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದ ಹಾಗಿತ್ತು. "ಅಮ್ಮ ಕಥೆ ಹೇಳ್ತಿದ್ರಾ? ನನಗೆ ಇವತ್ತೇ ಗೊತ್ತಾಗಿದ್ದು."

"ನೀನೂ ಇದ್ಯಲ್ಲ ಅಕ್ಕ."

"ಆರಕ್ಕೆ ಬೀದಿ ನಲ್ಲೀಲಿ ನೀರು ಬಿಡ್ತಿದ್ರು. ನಾನು ಮನೆಗೆ ಬರೋಷ್ಟರಲ್ಲಿ ನೀನು ಮಲಗಿರ್ತಿದ್ದೆ." ಅಷ್ಟು ಹೇಳಿ ಅವಳು ಅಂಗಡಿಯೊಂದರ ಮುಂದೆ ನಿಂತು ಸೋಪು ತೆಗೆದುಕೊಳ್ಳಬೇಕೆಂದಳು. ಮಗಳು ಅತ್ತೆಯ ಜೊತೆ ಒಳಗೆ ಹೋದಳು. ಮೀಟರಪ್ಪ ಬೀದಿಯಲ್ಲಿ ಒಬ್ಬನೇ ನಿಂತ.

"ನಾನು ಹೇಳಿದ್ದು ಒಟ್ಟಾರೆ ಆ ಕಾಲದ ಬಗ್ಗೆ," ಎಂದು ಆಮೇಲೆ ಎರಡು ಸಲ ಹೇಳಿದ. ಅಕ್ಕ "ಹೂಂ" ಎಂದಳು. ಅವಳ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು. ಅವನಿಗೆ ಮುಗಿಯಲಿಲ್ಲ. ಅಂಗಿಯೊಳಗೆ ಕೂದಲು ಸೇರಿಕೊಂಡ ಹಾಗೆ ಎಲ್ಲೋ ಚುಚ್ಚುತ್ತಿತ್ತು. ಕಥೆಯ ವಿಷಯ ಬಿಡು, ನಲ್ಲಿಯ ವಿಷಯವಾದರೂ ನಾನು ಹೇಳಿದ್ದು ಸರಿಯಾಗಿತ್ತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಳೆಯ ಕಡತಗಳನ್ನೆಲ್ಲ ಕಚೇರಿಯವರು ಕಂಪ್ಯೂಟರಿಗೆ ಏರಿಸಿದ್ದರು. ಗುರುವಾರ ಮಧ್ಯಾಹ್ನ ಮಗಳ ಊಟದ ಬಿಡುವಿನಲ್ಲಿ ಕಚೇರಿಗೆ ಹೋಗಿ, "ನಮ್ಮನೆ ಅರ್ಜಿ ತೆಗಿ ನೋಡೋಣ. ಒಂಬತ್ತು ವರ್ಷ ಅಂದಿದ್ದು ಸರಿಯಾ ತಪ್ಪಾ ಅಂತ ಗೊತ್ತಾಗ್ಲಿ," ಎಂದ. ಸರಿ ಎಂದೇ ಅವನಿಗೆ ಗಟ್ಟಿ ನಂಬಿಕೆ.

ಮಗಳು ಮನೆಯ ಸಂಖ್ಯೆ ಒತ್ತಿದಳು. ಎರಡು ಕಾಗದ ಬಂದವು.

ಮೊದಲನೆಯದು ಅಪ್ಪ ಹಾಕಿದ ಅರ್ಜಿ, ಮೀಟರಪ್ಪ ಕೆಲಸಕ್ಕೆ ಸೇರಿದ ವರ್ಷದ್ದು. ಅಂಚಿನಲ್ಲಿ ಅವನದೇ ಅಕ್ಷರ: 'ಅರ್ಜಿದಾರರು ನನ್ನ ತಂದೆ. ಯಾವ ಆದ್ಯತೆಯೂ ಬೇಡ. ಸರದಿಯಲ್ಲಿ ಇಡಬಹುದು.' ಅದನ್ನು ನೋಡಿ ಅವನ ಎದೆ ಅರೆಗಳಿಗೆ ಉಬ್ಬಿತು.

ಎರಡನೆಯದು ಒಂಬತ್ತು ವರ್ಷದ ಆಮೇಲಿನದು. ಅದೂ ಅವನ ಅಕ್ಷರವೇ. 'ನನ್ನ ಮದುವೆ ನಿಶ್ಚಯವಾಗಿದ್ದು, ಬರುವವರ ಅನುಕೂಲಕ್ಕಾಗಿ ನಮ್ಮ ಮನೆಗೆ ಕೂಡಲೇ ನೀರಿನ ಸಂಪರ್ಕ ಕೊಡಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.' ಕೆಳಗೆ ಮೇಲಧಿಕಾರಿಯ ಒಪ್ಪಿಗೆ. ಅದರ ಕೆಳಗೆ ಸಂಪರ್ಕ ಕೊಟ್ಟ ತಾರೀಕು. ಅರ್ಜಿಗೂ ಅದಕ್ಕೂ ನಡುವೆ ಎಂಟು ದಿನ. ಸರದಿಯಲ್ಲಿ ಅವರಿಗಿಂತ ಮುಂದೆ ಇನ್ನೂ ನೂರಾ ಹದಿನೇಳು ಮನೆಗಳಿದ್ದವು ಎಂದು ಯಾರೋ ಗುಮಾಸ್ತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ.

"ಅಮ್ಮ ಬರ್ತಾರೆ ಅಂತ ಹಾಕಿಸಿದ್ದಾ?" ಎಂದು ಮಗಳು ಮೆಲ್ಲಗೆ ಕೇಳಿದಳು.

ಮೀಟರಪ್ಪ ಪೆನ್ಸಿಲಿನ ಆ ಸಾಲನ್ನೇ ಇನ್ನೊಮ್ಮೆ ಓದಿದ. ಮಗಳು ಅವನ ಮುಖ ನೋಡಲಿಲ್ಲ. ಪರದೆಯನ್ನು ಮುಚ್ಚಿ, "ಅತ್ತೆಗೆ ನಾನೇನೂ ಹೇಳಲ್ಲ. ನಿಮ್ಮ ಊಟ ಆಯ್ತಾ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಅವನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇಷ್ಟು ವರ್ಷ 'ಸರದಿ, ಸರದಿ' ಎಂದು ಹೇಳಿ ಹೇಳಿ ಅದೇ ನಿಜವೆಂದು ಒಳಗೆ ಕೂತುಬಿಟ್ಟಿತ್ತು. ಈಗ ಕಚೇರಿಯ ಮೆಟ್ಟಿಲಿಳಿಯುವಾಗ ಎಲ್ಲ ಒಂದೊಂದಾಗಿ ಮೇಲೆ ಬಂತು. ಹೆಣ್ಣಿನ ಅಪ್ಪ ಮನೆ ನೋಡಲು ಬಂದ ದಿನ, ಎರಡನೇ ಮಹಡಿಯ ತಿರುವಿನಲ್ಲಿ ಅಕ್ಕ ಎರಡು ಕೈಯಲ್ಲೂ ತುಂಬಿದ ಬಕೆಟ್ಟು ಹಿಡಿದು, ಬಂದವರಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಿದ್ದಳು. ಅವರು ಒಳಗೆ ಬಂದು ಕೂತು, "ಮೇಲಕ್ಕೆ ನೀರು ಬರೋದಿಲ್ವಾ?" ಎಂದು ಕೇಳಿದ್ದರು. "ಬಂದೇ ಬಿಡುತ್ತೆ, ಇನ್ನೊಂದು ವಾರ," ಎಂದಿದ್ದ ಮೀಟರಪ್ಪ. ಆ ದಿನವೂ ಅವನಿಗೆ ನಾಚಿಕೆಯಾಗಿತ್ತು. ಆದರೆ ಅದು ಬಂದವರಿಗೆ ಬಕೆಟ್ಟು ಕಂಡುಬಿಟ್ಟಿತಲ್ಲ ಎಂದು.

ಅಕ್ಕನ ಶಾಲೆ ನಾಲ್ಕನೇ ತರಗತಿಗೆ ನಿಂತಿತ್ತು. ಅವನನ್ನು ಹೆತ್ತ ಮೇಲೆ ಅಮ್ಮನಿಗೆ ಉಬ್ಬಸ ಗಂಟುಬಿದ್ದಿತ್ತು, ಬೆಳಗಿನ ನೀರು ಬರುತ್ತಿದ್ದದ್ದು ಶಾಲೆಯ ಹೊತ್ತಿಗೆ. ಹತ್ತು ವರ್ಷದ ಹುಡುಗಿ ಬಕೆಟ್ಟು ಹಿಡಿದಳು. ಮೂವತ್ತೆಂಟರ ತನಕ ಹಿಡಿದಳು. ಅವನು ಒಂದು ಬಕೆಟ್ಟೂ ಹೊತ್ತಿರಲಿಲ್ಲ. ಮೊದಲು ಓದುವ ಹುಡುಗ ಎಂದು, ಆಮೇಲೆ ದಿನವಿಡೀ ನಡೆದು ದಣಿದು ಬಂದವನು ಎಂದು. ಊರವರ ಮನೆಯಲ್ಲಿ ನೀರು ಎಷ್ಟು ಹರಿಯಿತು ಎಂದು ಬರೆದುಕೊಂಡು ಬಂದು, ಅಕ್ಕ ಹೊತ್ತು ತಂದ ನೀರಿನಲ್ಲಿ ಕಾಲು ತೊಳೆಯುತ್ತಿದ್ದ.

ಅವತ್ತಿನಿಂದ ಅವನಿಗೆ ಅಕ್ಕನನ್ನು ನೇರ ನೋಡಲಾಗಲಿಲ್ಲ. ಅವಳ ಎಡ ಭುಜ ಬಲಕ್ಕಿಂತ ಎರಡು ಬೆರಳು ತಗ್ಗಿದೆ ಎಂಬುದನ್ನು ಅರವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಗಮನಿಸಿದ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಸದ್ದಿಗೇ ಬೆಚ್ಚುತ್ತಿದ್ದ. ಅಕ್ಕನ ಮುಂದೆ ಕೂತು ಒಂದು ಮಾತು ಹೇಳಬೇಕಿತ್ತು. ಮೂರು ಸಲ ಅವಳ ಕೋಣೆಯ ಬಾಗಿಲವರೆಗೆ ಹೋದ. ಮೂರು ಸಲವೂ ಕನ್ನಡಕ ಹುಡುಕುವ ನೆಪ ಮಾಡಿ ವಾಪಸು ಬಂದ. ಕೊನೆಗೆ ಒಬ್ಬಳ ಮುಂದೆ ಹೇಳಲಾಗದ್ದನ್ನು ನಲವತ್ತು ಜನರ ಮುಂದೆ ಹೇಳುವುದು ಸುಲಭವೆನಿಸಿತು. ಮುಂದಿನ ತಿಂಗಳ ಸಭೆಯಲ್ಲಿ ಐದು ನಿಮಿಷ ಬೇಕು ಎಂದು ಕಾರ್ಯದರ್ಶಿಯನ್ನು ಕೇಳಿದ. ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ.

ಆ ದಿನ ಕಾಗದ ಹಿಡಿಯದೆ ಮಾತಾಡಿದ. "ಹೋದ ತಿಂಗಳು ನಾನು ಹೇಳಿದ ಮನೆಯಲ್ಲಿ ನನ್ನ ಅಕ್ಕ ಇರಲಿಲ್ಲ. ಅವಳು ಬೀದಿ ನಲ್ಲಿಯ ಹತ್ತಿರ ಇದ್ದಳು. ದಿನಕ್ಕೆ ಹನ್ನೆರಡು ಬಕೆಟ್ಟು, ಪ್ರತಿ ಸಲ ಐವತ್ತನಾಲ್ಕು ಮೆಟ್ಟಿಲು, ಇಪ್ಪತ್ತೆಂಟು ವರ್ಷ. ನಾನು ಪ್ರಾಮಾಣಿಕ ಎನಿಸಿಕೊಂಡೆ, ಅವಳು ಹೊತ್ತಳು. ಹೆಂಡತಿ ಬರುತ್ತಾಳೆ ಎಂದಾಗ ಎಂಟು ದಿನದಲ್ಲಿ ನಲ್ಲಿ ಹಾಕಿಸಿದೆ. ನಮ್ಮ ಕಾಲದಲ್ಲಿ ಸುಖವಿತ್ತು ಎಂದು ಹೇಳುವ ಅರ್ಹತೆ ನನಗಿಲ್ಲ."

ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ಚಪ್ಪಾಳೆ ಶುರುವಾಯಿತು, ಹೋದ ತಿಂಗಳಿಗಿಂತ ಜೋರಾಗಿ, ಉದ್ದವಾಗಿ. ಕಾರ್ಯದರ್ಶಿ ಬಂದು ಎರಡೂ ಕೈ ಹಿಡಿದು, "ಇಷ್ಟು ದೊಡ್ಡ ಮನಸ್ಸು ಎಷ್ಟು ಜನಕ್ಕಿರುತ್ತೆ ಸಾರ್," ಎಂದರು. ಮೀಟರಪ್ಪನ ಮೈ ಜುಮ್ಮೆಂದಿತು. ಹಿಗ್ಗು. ಹೋದ ತಿಂಗಳು ಆದಂಥದೇ ಹಿಗ್ಗು. ಅದು ತನ್ನೊಳಗೆ ಎದ್ದದ್ದನ್ನು ಕಂಡು ಅವನಿಗೇ ಹೇಸಿಗೆಯಾಯಿತು, ಆದರೂ ಕೈ ಬಿಡಿಸಿಕೊಳ್ಳುವುದಕ್ಕೆ ಒಂದು ಗಳಿಗೆ ತಡವಾಯಿತು.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ವಾಚನಾಲಯದ ವಾಟ್ಸಪ್ ಗುಂಪಿಗೆ ಹಾಕಿದರು. ಅಲ್ಲಿಂದ ಬಡಾವಣೆಯ ಗುಂಪಿಗೆ, ಅಲ್ಲಿಂದ ಇನ್ನೆಲ್ಲಿಗೋ. ಮೀಟರಪ್ಪ ಕಾಲೆಳೆದುಕೊಂಡು ಮನೆ ಸೇರುವಷ್ಟರಲ್ಲಿ ಅವನ ಮಾತು ಅವನಿಗಿಂತ ಮುಂಚೆ ಮೆಟ್ಟಿಲು ಹತ್ತಿತ್ತು. ಅಕ್ಕ ಮೇಜಿನ ಮೇಲೆ ಫೋನಿಟ್ಟುಕೊಂಡು ಕೂತಿದ್ದಳು.

"ಕೂತ್ಕೋ," ಎಂದಳು. ಕೂತ.

"ಇದನ್ನೆಲ್ಲ ಊರಿಗೆ ಹೇಳು ಅಂತ ನಾನು ನಿನಗೆ ಹೇಳಿದ್ನಾ?"

"ತಪ್ಪಾಗಿತ್ತು ಅಕ್ಕ. ಒಪ್ಕೊಳ್ಳೋಣ ಅಂತ."

"ಯಾರ ಹತ್ರ ಒಪ್ಕೊಂಡೆ? ಆ ನಲವತ್ತು ಜನಕ್ಕೆ ನೀನು ಏನು ತಪ್ಪು ಮಾಡಿದ್ದೆ?" ಅವಳು ದನಿ ಏರಿಸಲಿಲ್ಲ. "ಮೊದಲ ಸಲ ಮನೆಯಿಂದ ನನ್ನ ಬಿಟ್ಟೇಬಿಟ್ಟೆ. ಆಯ್ತು, ಮರೆತಿದ್ದ ಅಂದ್ಕೊಂಡೆ. ಈ ಸಲ ಬಕೆಟ್ ಸಮೇತ ನನ್ನ ಎತ್ಕೊಂಡು ಹೋಗಿ ಎಲ್ಲರ ಮುಂದೆ ನಿಲ್ಲಿಸಿದೆ. ಒಂದು ಮಾತು ಕೇಳಿದ್ಯಾ ನನ್ನ?"

"ಇಲ್ಲ."

"ಎಂಟು ದಿನದ ವಿಷಯ ನನಗೆ ಆ ವಾರಾನೇ ಗೊತ್ತಿತ್ತು. ಪೈಪ್ ಹಾಕೋಕೆ ಬಂದವನೇ ಹೇಳಿದ್ದ. ನಾನು ಮೂವತ್ತಮೂರು ವರ್ಷ ಬಾಯಿ ಬಿಟ್ಟಿಲ್ಲ. ನಿನ್ನ ಮಾನ ಕಾಯೋಕಲ್ಲ, ನನ್ನದು ಉಳಿಸ್ಕೊಳ್ಳೋಕೆ. ತಮ್ಮನಿಗೇ ಬೇಡವಾದವಳು ಅನ್ನಿಸ್ಕೊಳ್ಳೋದು ಯಾರಿಗೆ ಇಷ್ಟ? ನೀನು ಐದೇ ನಿಮಿಷದಲ್ಲಿ ಅದನ್ನ ಬೀದಿಗೆ ಹಾಕ್ಬಿಟ್ಟೆ. ಚಪ್ಪಾಳೆ ಬೇರೆ ಹೊಡೆದಿದಾರೆ, ಕೇಳಿಸ್ತು."

ಮೀಟರಪ್ಪನ ತಲೆ ತಗ್ಗಿಯೇ ಇತ್ತು. ನೆಲ ಬಾಯಿಬಿಡಲಿ ಎನ್ನುತ್ತಾರಲ್ಲ, ಮೂರನೇ ಮಹಡಿಯಲ್ಲಿ ಅದಕ್ಕೂ ದಾರಿಯಿರಲಿಲ್ಲ. ಮಗಳು ಗುಂಪಿನವರಿಗೆ ಬರೆದು ಅಳಿಸಿ ಎಂದು ಕೇಳಿಕೊಂಡಳು. ಗುಂಪಿನಿಂದ ಅಳಿಸಿದರು. ಅಷ್ಟರಲ್ಲಿ ಅದು ಎಲ್ಲೆಲ್ಲೋ ಹೋಗಿ ಕೂತಿತ್ತು.

ಮರುದಿನ ತರಕಾರಿಯವಳು ಅಕ್ಕನಿಗೆ ಚೀಲ ಹೊರಲು ಬಿಡಲಿಲ್ಲ. "ಪಾಪ, ಹೊತ್ತಿದ್ದು ಸಾಕಮ್ಮ," ಎಂದಳು. ಕೆಳಮನೆಯ ಸೊಸೆ ಮೆಟ್ಟಿಲಲ್ಲಿ ಅಕ್ಕನ ಕೈ ಹಿಡಿದು ಸುಮ್ಮನೆ ನಿಂತುಬಿಟ್ಟಳು. ದಿನಾ ಅಂಗಡಿಗೆ ಹೋಗಿ ಚೌಕಾಸಿ ಮಾಡಿ ನಾಲ್ಕು ಜನರನ್ನು ನಗಿಸಿ ಬರುತ್ತಿದ್ದ ಅಕ್ಕ ಹೊರಗೆ ಹೋಗುವುದನ್ನೇ ನಿಲ್ಲಿಸಿದಳು. ತಮ್ಮನ ಜೊತೆಗೂ ಬೇಕಾದಷ್ಟೇ ಮಾತು.

ಆಗ ಮೀಟರಪ್ಪ ಒಂದು ಕೆಲಸ ಮಾಡಿದ. ಗುಂಪಿನಲ್ಲಿದ್ದವರ ಪಟ್ಟಿ ಮಾಡಿಕೊಂಡು ಮನೆಮನೆಗೆ ಹೊರಟ. ಬಾಗಿಲು ತಟ್ಟಿ, "ನನ್ನದೊಂದು ವಿಡಿಯೋ ನಿಮ್ಮ ಫೋನಲ್ಲಿದೆ, ದಯವಿಟ್ಟು ಅಳಿಸಿಬಿಡಿ," ಎನ್ನುವುದು. ಕೆಲವರು, "ಎಷ್ಟು ಚೆನ್ನಾಗಿ ಮಾತಾಡಿದ್ರಿ, ಯಾಕೆ ಅಳಿಸೋದು?" ಎಂದರು. ಒಬ್ಬ ಅವನ ಮುಂದೆಯೇ ಅದನ್ನು ಹಾಕಿ ತೋರಿಸಿದ. ತನ್ನ ದನಿಯನ್ನು ತಾನೇ ಕೇಳಿ ಮೀಟರಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಯಾಕೆ ಎಂದು ಕೇಳಿದವರಿಗೆಲ್ಲ, "ಅಕ್ಕನನ್ನ ಕೇಳದೇ ಹೇಳಿಬಿಟ್ಟೆ, ಅದು ನನ್ನ ಸ್ವತ್ತಲ್ಲ," ಎಂದಷ್ಟೇ ಹೇಳಿದ. ಹನ್ನೊಂದು ದಿನ ತಿರುಗಿದ. ಎಪ್ಪತ್ತಕ್ಕೂ ಹೆಚ್ಚು ಮನೆ. ಎಲ್ಲರೂ ಅಳಿಸಿದರೆಂದೇನಲ್ಲ. ಇನ್ನೂ ಎಲ್ಲೋ ಅದು ಇರಬಹುದು, ಯಾರೋ ಗುರುತಿಲ್ಲದವರು ಈಗಲೂ ಅದನ್ನು ನೋಡಿ 'ಪಾಪ' ಎನ್ನುತ್ತಿರಬಹುದು. ಅದನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ.

ತಿಂಗಳು ಎರಡು ಕಳೆದವು. ಅಕ್ಕ ಮತ್ತೆ ಅಂಗಡಿಗೆ ಹೋಗತೊಡಗಿದಳು. ತಮ್ಮನ ಮೇಲಿನ ಸಿಟ್ಟು ಇಳಿಯಿತೋ, ಇಟ್ಟುಕೊಂಡು ದಣಿದಳೋ ಗೊತ್ತಿಲ್ಲ. ಒಂದು ಬೆಳಗ್ಗೆ ಅವಳು ಕಿಟಕಿಯ ಬಳಿ ಬಟ್ಟೆ ಮಡಿಸುತ್ತ ಕೂತಿದ್ದಾಗ ಮೀಟರಪ್ಪ ಬಂದು ಎದುರು ಕೂತ.

"ಅಕ್ಕ, ಒಂದು ಕೇಳಲಾ?"

"ಭಾಷಣಕ್ಕಾ?"

"ಅಲ್ಲ. ನನಗೇ. ಆಗ ನಿನಗೆ ಹೇಗಿತ್ತು?"

ಅಕ್ಕ ಒಂದು ಅಂಗಿ ಮಡಿಸಿದಳು, ಇನ್ನೊಂದು ಮಡಿಸಿದಳು. ಆಮೇಲೆ ಹೇಳಿದಳು. ಬೀದಿ ನಲ್ಲಿಯ ಸಾಲಿನಲ್ಲಿ ಅವರು ಐದು ಹುಡುಗಿಯರು ಯಾವಾಗಲೂ ಒಟ್ಟಿಗೆ ನಿಲ್ಲುತ್ತಿದ್ದರು. ಅದರಲ್ಲಿ ಎತ್ತರದವಳೊಬ್ಬಳಿಗೆ ಜಿರಾಫೆ ಎಂದು ಹೆಸರು. ಅವಳು ಬೀದಿಯವರ ನಡಿಗೆಯನ್ನೆಲ್ಲ ಅಣಕ ಮಾಡಿ ತೋರಿಸಿದರೆ ಇವರು ನಕ್ಕೂ ನಕ್ಕೂ ತುಂಬಿದ ಬಕೆಟ್ಟು ಕಾಲಿನ ಮೇಲೆ ಚೆಲ್ಲಿಕೊಂಡು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದರು.

"ಮನೆಗೆ ನಲ್ಲಿ ಬಂತು. ಬೆನ್ನು ನೆಟ್ಟಗಾಯ್ತು, ಬಾಯಿ ಕಟ್ಟಿಹೋಯ್ತು. ಒಂದು ವರ್ಷ ನಾನು ಯಾರ ಜೊತೇನೂ ಹಾಗೆ ನಕ್ಕಿಲ್ಲ. ಹಾಗಂತ ಮತ್ತೆ ಬಕೆಟ್ ಹಿಡಿ ಅಂದ್ರೆ, ನಲ್ಲೀನ ತಬ್ಕೊಂಡು ಕೂತ್ಬಿಡ್ತೀನಿ, ಬಿಡಲ್ಲ." ಅವಳು ಸ್ವಲ್ಪ ನಕ್ಕಳು. "ಈಗ ನಿನ್ನ ಮಗಳು ಎಲ್ಲಿಂದಲೋ ಜಿರಾಫೆ ನಂಬರ್ ಹುಡುಕಿ ಕೊಟ್ಟಿದಾಳೆ. ಮಂಡಿ ನೋವಂತೆ ಅವಳಿಗೆ. ಆದ್ರೆ ಫೋನಲ್ಲೇ ನಿನ್ನನ್ನ ಅಣಕ ಮಾಡ್ತಾಳೆ, 'ನಮ್ಮ ಕಾಲದಲ್ಲಿ' ಅಂತ. ನಿನ್ನ ಮುಖ ಅವಳಿಗೆ ನೆನಪೂ ಇಲ್ಲ. ನಾನು ಹೇಳಿದ್ದು ಕೇಳಿಯೇ ಮಾಡ್ತಾಳೆ."

ಮೀಟರಪ್ಪನೂ ನಕ್ಕ. ನಗು ಮುಗಿದ ಮೇಲೆ ಧೈರ್ಯ ಮಾಡಿ, "ಮತ್ತೆ ಶಾಲೆ?" ಎಂದ.

ಅಕ್ಕನ ಕೈ ನಿಂತಿತು. "ಅದು ಬೇಡ," ಎಂದಳು. "ಅದನ್ನ ಕೇಳ್ಬೇಡ."

"ಆಯ್ತು," ಎಂದ ಅವನು. ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ, ರಾಶಿಯಿಂದ ಒಂದು ಟವೆಲ್ಲು ಎತ್ತಿಕೊಂಡು ಮಡಿಸತೊಡಗಿದ. ಅಂಚಿಗೆ ಅಂಚು ಕೂಡಲಿಲ್ಲ. ಅಕ್ಕ ಅದನ್ನು ನೋಡಿದಳು, ಮುಂದಿನ ಅಂಗಿ ಎತ್ತಿಕೊಂಡಳು.